ಬೂಷ್ಟು ಹಿಡಿದ ಕೋಲ್ಟ್ರೇನ್

ಆಶ್ಲೇಷ ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಕಪಾಟಿನ ಬಾಗಿಲು ತೆಗೆದೆ. ಒದ್ದೆ ರಟ್ಟು, ಹಳೇ ಕಂಬಳಿ, ಸ್ವಲ್ಪ ಹುಳಿ ಹುಳಿ. ಆ ವಾಸನೆ ಮಲೆನಾಡಿನಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೈಗೆ ಸಿಕ್ಕಿದ ಮೊದಲ ಎಲ್‌ಪಿ ಕವರು, ಅಂದರೆ ದೊಡ್ಡ ಗ್ರಾಮಫೋನ್ ಪ್ಲೇಟಿನ ಕವರು, ಅಮೆರಿಕದ ಜ್ಯಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನನ 'ಎ ಲವ್ ಸುಪ್ರೀಮ್'. ಕಪ್ಪು ಬಿಳುಪು ಫೋಟೋ. ಮನುಷ್ಯ ಎತ್ತಲೋ ಗಂಭೀರವಾಗಿ ನೋಡುತ್ತಿದ್ದಾನೆ, ಕೆನ್ನೆ ತುಂಬ ಬಿಳಿ ಬೂಷ್ಟು. ವಾರದಿಂದ ಗಡ್ಡ ಹೆರೆಯದ ಮುದುಕನ ಹಾಗೆ ಕಾಣುತ್ತಿದ್ದ.

ಹಳೇ ಪಂಚೆಯ ತುಂಡು ಹಿಡಿದು ಒರೆಸಲು ಕೂತೆ. ಒಂದನ್ನು ಒರೆಸಿದರೆ ಪಕ್ಕದ್ದು, ಪಕ್ಕದ್ದು ಒರೆಸಿದರೆ ಅದರ ಪಕ್ಕದ್ದು. ಸಂಜೆ ಆಗಿಹೋಯಿತು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಇರುವ ತೋಟದ ಮನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೆ ಉಪ್ಪಿನ ಡಬ್ಬಿ ನೀರಾಗಲು, ಚರ್ಮದ ಬೆಲ್ಟಿಗೆ ಹಸಿರು ಹತ್ತಲು ಅಷ್ಟೆಲ್ಲ ಬೇಕಾಗಿಯೂ ಇಲ್ಲ. ಬೆಂಗಳೂರಿನ ಗೆಳೆಯರು ಬಂದರೆ ಕಪಾಟು ನೋಡಿ ಇದೆಲ್ಲ ಎಲ್ಲಿ ಸಿಗುತ್ತೆ, ಎಷ್ಟು ಕೊಟ್ಟೆ ಅಂತ ಕೇಳುತ್ತಾರೆ. ಹೇಗೆ ಒಣಗಿಸ್ತೀಯ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನಮ್ಮ ಕಡೆ ಈ ಹುಚ್ಚು ಹತ್ತಿಸಿಕೊಂಡರೆ ಕೊಳ್ಳುವುದು ಕಾಲು ಪಾಲು, ಒಣಗಿಸುವುದು ಮುಕ್ಕಾಲು ಪಾಲು. ಅಡಿಕೆಯದ್ದೂ ಅದೇ ಕತೆ ಅಲ್ವಾ.

ತೋಟದ ಮನೆಯಲ್ಲಿ ಕೂತವನಿಗೆ ಜ್ಯಾಝ್ ಎಲ್ಲಿಂದ ಬಂತು ಅಂತ ಕೇಳಿದರೆ ಮದುವೆ ಮನೆಯಿಂದ ಬಂತು ಅನ್ನಬೇಕು. ಸಣ್ಣವನಿದ್ದಾಗ ನನಗೆ ಸ್ಯಾಕ್ಸೋಫೋನ್ ವಿದೇಶಿ ವಾದ್ಯ ಅಂತ ಗೊತ್ತೇ ಇರಲಿಲ್ಲ. ಘಟ್ಟದ ಕೆಳಗಿನವರು ಮದುವೆಗೆ, ತೇರಿಗೆ, ಭೂತದ ಕೋಲಕ್ಕೆ ಅದನ್ನೇ ಊದುತ್ತಾರೆ. ಅವರೇ ಘಟ್ಟ ಹತ್ತಿ ನಮ್ಮ ಮದುವೆಗಳಿಗೂ ಬರುತ್ತಿದ್ದರು. ಧಾರೆಯ ಹೊತ್ತಿಗೆ ಡೋಲಿನ ಜೊತೆ ಅದು ಜೋರಾಗಿ ಎದ್ದರೆ ಎದೆಯೊಳಗೆ ಏನೋ ಅಲುಗುತ್ತಿತ್ತು. ಆಮೇಲೆ ಅಪ್ಪಯ್ಯ ಕದ್ರಿ ಗೋಪಾಲನಾಥರ ಕ್ಯಾಸೆಟ್ ತಂದರು. ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾಗಿ, ಬೆಲ್ಜಿಯಂನ ಒಬ್ಬ ಕುಶಲಕರ್ಮಿ 1840ರ ದಶಕದಲ್ಲಿ ಮಾಡಿದ ಆ ಹಿತ್ತಾಳೆ ಕೊಳವೆಯಲ್ಲಿ ಗಮಕ ಬರಿಸಿದ ಮನುಷ್ಯ. ಆ ಕ್ಯಾಸೆಟ್ಟನ್ನು ಎಷ್ಟು ಹಾಕಿದೆವು ಅಂದರೆ ಒಂದು ಮಳೆಗಾಲ ಟೇಪು ಅಂಟಿಕೊಂಡು, ಪ್ಲೇಯರ್ ಅದನ್ನು ಶ್ಯಾವಿಗೆ ಮಾಡಿ ಹೊರಗೆ ಹಾಕಿತು.

ಹಾಗಾಗಿ ಮೊದಲ ಸಲ ಕೋಲ್ಟ್ರೇನ್ ಹಾಕಿದಾಗ ಅಮ್ಮ ಅಡಿಗೆ ಮನೆಯಿಂದ ಕೂಗಿದ್ದು ಸಹಜವೇ. "ಯಾರ ಮನೆ ಮದುವೆನೋ?" ಐದು ನಿಮಿಷ ಬಿಟ್ಟು ಇನ್ನೊಂದು ಸಲ: "ಎಂತ, ಊದುವವನಿಗೆ ಮೈಮೇಲೆ ಬಂತಾ?"

ಬಂದಿತ್ತು ಅಂತಲೇ ನನಗೂ ಅನಿಸಿತು. 1964ರ ಡಿಸೆಂಬರ್ 9ರಂದು ಒಂದೇ ದಿನದಲ್ಲಿ ನುಡಿಸಿ ಮುಗಿಸಿದ ನಾಲ್ಕು ಭಾಗಗಳು. ಒಟ್ಟು ಮೂವತ್ತಮೂರು ನಿಮಿಷ. ದೇವರಿಗೆ ಅಂತ ಹೇಳಿಕೊಂಡೇ ಮಾಡಿದ್ದು. ಎರಡು ಭಾಗ ಆದ ಮೇಲೆ ಎದ್ದು ಹೋಗಿ ಪ್ಲೇಟು ತಿರುವಬೇಕು. ಮಾತು ಬದಲಿಸಿದವನನ್ನು ಪ್ಲೇಟು ತಿರುವಿ ಹಾಕಿದ ಅನ್ನುತ್ತೇವಲ್ಲ, ಆ ಪ್ಲೇಟನ್ನು ನಿಜವಾಗಿ ತಿರುವಿದವರು ಈಗ ನಮ್ಮೂರಲ್ಲಿ ಎಷ್ಟು ಜನ ಉಳಿದಿದ್ದಾರೋ.

ಇನ್ನು ಫೋನ್ ಇರುವಾಗ ಇದೆಲ್ಲ ಯಾಕೆ ಅನ್ನುವ ಪ್ರಶ್ನೆ. ದೊಡ್ಡ ದೊಡ್ಡ ಉತ್ತರ ಕೊಡುವವರಿದ್ದಾರೆ, ಎಲ್‌ಪಿಯ ಬೆಚ್ಚಗಿನ ದನಿ, ಇನ್ನೊಂದು, ಮತ್ತೊಂದು. ನನ್ನ ಉತ್ತರ ಸಣ್ಣದು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಸಿಗ್ನಲ್ ಬೇಕಾದರೆ ಹಿಂದಿನ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕೊಡೆ ಹಿಡಿದು, ಇಂಬಳ ಕಿತ್ತುಕೊಳ್ಳುತ್ತ, ಗುಡ್ಡದ ಮೇಲೆ ನಿಂತು ಥೆಲೋನಿಯಸ್ ಮಾಂಕ್‌ನ ಜ್ಯಾಝ್ ಪಿಯಾನೋ ಕೇಳುವಷ್ಟು ಭಕ್ತಿ ನನಗಿಲ್ಲ.

ಎರಡನೇ ಕಾರಣವೂ ಇದೆ. ಕವರಿನ ಹಿಂದಿನ ಹೆಸರುಗಳು. ಶಿವಮೊಗ್ಗದಲ್ಲಿ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ 'ಜ್ಯೋತಿ' ಅಂತ ಒಂದು ಎಲ್‌ಪಿ ಸಿಕ್ಕಿತ್ತು. ಹೆಸರು ನೋಡಿ ಭಕ್ತಿಗೀತೆ ಅಂದುಕೊಂಡೆ. ತಿರುಗಿಸಿದರೆ 1983ರಲ್ಲಿ ಜರ್ಮನಿಯ ಇಸಿಎಂ ಎಂಬ ರೆಕಾರ್ಡ್ ಕಂಪನಿ ಮಾಡಿದ್ದು. ನುಡಿಸಿದವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನವರು! ಆರ್.ಎ. ರಮಾಮಣಿಯವರ ಹಾಡು, ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಚಾರ್ಲಿ ಮಾರಿಯಾನೋ ಎಂಬ ಅಮೆರಿಕದವನ ಸ್ಯಾಕ್ಸೋಫೋನ್ ಮತ್ತು ಕೊಳಲು. ಆ ಹೆಸರು ತಲೆಯಲ್ಲಿ ಕೂತಿತು. ಎಷ್ಟೋ ತಿಂಗಳ ಮೇಲೆ ಜ್ಯಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನ 1963ರ 'ದ ಬ್ಲ್ಯಾಕ್ ಸೇಂಟ್ ಆಂಡ್ ದ ಸಿನ್ನರ್ ಲೇಡಿ' ಸಿಕ್ಕಾಗ ಹಿಂದೆ ಅದೇ ಹೆಸರು. ಮಾರಿಯಾನೋ. ಅಲ್ಲಿ ಅವನು ಅಳುತ್ತಾನೆ, ಅಕ್ಷರಶಃ ಅಳು, ಸಾವಿನ ಮನೆಯಲ್ಲಿ ಹೆಂಗಸರು ಅಳುವ ಹಾಗೆ. ಇಪ್ಪತ್ತು ವರ್ಷ ಬಿಟ್ಟು ಅದೇ ಮನುಷ್ಯ ರಮಾಮಣಿಯವರ ದನಿಯ ಹಿಂದೆ ಮೆಲ್ಲಗೆ ನಡೆದಿದ್ದಾನೆ. ಒಂದು ಕವರಿನಿಂದ ಇನ್ನೊಂದಕ್ಕೆ ನೆಂಟಸ್ತನ ಹುಡುಕುವುದು ನಮ್ಮಜ್ಜಿ ಮದುವೆ ಮನೆಯಲ್ಲಿ ಮಾಡುತ್ತಿದ್ದ ಕೆಲಸ. ಅವನು ಯಾರ ಮಗ, ಅವಳು ಯಾರ ಮನೆಗೆ ಹೋದದ್ದು. ನಾನು ಮಿಂಗಸ್ ಮನೆಯವರದ್ದು ಹುಡುಕುತ್ತೇನೆ, ಅಷ್ಟೇ.

ಹಳೇ ಪ್ಲೇಟು ಕೊಳ್ಳುವವರಿಗೆ ಒಂದು ಮಾತು. ಮಾರುವವರು ಪ್ರತಿಯೊಂದಕ್ಕೂ ಗ್ರೇಡು ಹಾಕುತ್ತಾರೆ. ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್. ಶುರುವಿಗೆ ನಾನು 'ವೆರಿ ಗುಡ್' ನೋಡಿ ಖುಷಿಯಿಂದ ತರಿಸಿದೆ. ಬಂತು. ಹಾಕಿದರೆ ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಚಟಪಟ, ಆ ಚಟಪಟದ ಹಿಂದೆ ಎಲ್ಲೋ ದೂರದಲ್ಲಿ ಲೆಸ್ಟರ್ ಯಂಗ್‌ನ ಸ್ಯಾಕ್ಸೋಫೋನ್. ಆ ಲೋಕದಲ್ಲಿ ವೆರಿ ಗುಡ್ ಅಂದರೆ ಅಷ್ಟೇನೂ ಗುಡ್ ಅಲ್ಲ, ಗುಡ್ ಅಂದರೆ ದಂಡ. ಆಮೇಲೆ ನನಗೇ ನಗು ಬಂತು. ಶಿವಮೊಗ್ಗ ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಮಾಡಿ ಮಾರುವ ಮನೆಯಲ್ಲಿ ಹುಟ್ಟಿದವನು ನಾನು. ಕೆಳಗಿನ ದರ್ಜೆಯ ಗೊರಬಲನ್ನು ಮೇಲಿನ ದರ್ಜೆಯ ಸರಕಿನ ಬೆಲೆಗೆ ಕೊಂಡು ಬಂದಿದ್ದೆ. ಅಪ್ಪಯ್ಯ ಇದ್ದಿದ್ದರೆ ಎರಡು ಪ್ಲೇಟು ಕೈಯಲ್ಲಿ ಹಿಡಿದು, ಬೆಳಕಿಗೆ ವಾರೆ ಮಾಡಿ ನೋಡಿ, ವ್ಯಾಪಾರವನ್ನೇ ಮುರಿದು ಬರುತ್ತಿದ್ದರು.

ಬೆಳಕಿಗೆ ವಾರೆ ಮಾಡಿ ನೋಡುವುದೇ ಸರಿಯಾದ ದಾರಿ, ಅದನ್ನೂ ಹೇಳಿಬಿಡುತ್ತೇನೆ. ನೇರ ನೋಡಿದರೆ ಗೀರು ಕಾಣುವುದಿಲ್ಲ. ಸಿಡಿಯಾದರೆ ಎಲ್ಲರೂ ಕೆಳಗಿನ ಹೊಳೆಯುವ ಮೈ ನೋಡುತ್ತಾರೆ. ನೋಡಬೇಕಾದ್ದು ಹೆಸರು ಬರೆದ ಮೇಲಿನ ಮೈ. ಅಲ್ಯೂಮಿನಿಯಂ ಪೊರೆ ಇರುವುದು ಆ ಕಡೆಗೇ, ಅದರ ಮೇಲೆ ತೆಳ್ಳಗೆ ಒಂದು ಲೇಪ ಬಿಟ್ಟರೆ ಬೇರೆ ಕಾವಲಿಲ್ಲ. ಕೆಳಗಿನ ಗೀರನ್ನು ಎಷ್ಟೋ ಸಲ ಉಜ್ಜಿ ಸರಿ ಮಾಡಬಹುದು. ಮೇಲಿನದ್ದು ಕಿತ್ತರೆ ಮುಗಿಯಿತು.

ತೊಳೆಯುವುದರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಎಲ್‌ಪಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು, ಬೂಷ್ಟು ಜಾಸ್ತಿ ಇದ್ದರೆ ಸ್ವಲ್ಪ ಸ್ಪಿರಿಟ್. ನಡುವಿನ ಲೇಬಲ್ ಒದ್ದೆಯಾಗದ ಹಾಗೆ ಅದರ ಮೇಲೆ ಉಪ್ಪಿನಕಾಯಿ ಭರಣಿಯ ಮುಚ್ಚಳ ಮಗುಚಿ ಇಡುತ್ತೇನೆ, ಗೆರೆ ಹೋದ ಹಾಗೇ ಸುತ್ತ ಒರೆಸುತ್ತೇನೆ. ಚೆನ್ನಾಗಿ ಆಗುತ್ತದೆ. ಇದೇ ಧೈರ್ಯದಲ್ಲಿ ಅಟ್ಟದಲ್ಲಿ ಸಿಕ್ಕಿದ ಅಜ್ಜಯ್ಯನ ಕಾಲದ ದಪ್ಪ ಪ್ಲೇಟಿಗೂ ಸ್ಪಿರಿಟ್ ಹಾಕಿ ಉಜ್ಜಿದೆ. ಬಟ್ಟೆ ಕಪ್ಪಾಯಿತು. ಎಷ್ಟು ಕೊಳೆ ಅಂತ ಇನ್ನೂ ಉಜ್ಜಿದೆ. ಕೊಳೆ ಅಲ್ಲ, ಅದು ಪ್ಲೇಟೇ. ನಿಮಿಷಕ್ಕೆ 78 ಸುತ್ತು ಸುತ್ತುವ ಆ ಕಾಲದ ಪ್ಲೇಟುಗಳನ್ನು ಅರಗಿನಿಂದ ಮಾಡುತ್ತಿದ್ದರು. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಬಡಗಿ ಪಾಲಿಷ್ ಮಾಡುವುದೂ ಅದರಿಂದಲೇ. ಪಾಂಡವರಾದರೂ ಅರಗಿನ ಮನೆಯಿಂದ ತಪ್ಪಿಸಿಕೊಂಡರು, ಆ ಕಂಪನಿ ನಾಟಕದ ಹಾಡು ನನ್ನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಅದು ಹೇಗಿತ್ತು ಅಂತ ಕೇಳಿಸಿಕೊಂಡೂ ಇರಲಿಲ್ಲ.

ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗಿರುತ್ತದೆ ಅಂತ ಅಮ್ಮ ಹೇಳುತ್ತಲೇ ಇರುತ್ತಾಳೆ. ಹಪ್ಪಳ, ಬೀಜ, ಕಂಬಳಿ ಎಲ್ಲ ಅಲ್ಲೇ ಉಳಿದದ್ದು. ಆದರೆ ಎಲ್‌ಪಿ ಬಿಸಿಗೆ ಡೊಂಕಾಗುತ್ತದೆ. ಕಪಾಟಿನೊಳಗೆ ಒಂದು ಹಳೇ ಕಾಲದ ಬಲ್ಬು ಉರಿಸುವುದು ಸದ್ಯಕ್ಕೆ ನನ್ನ ಮದ್ದು. ಅದಕ್ಕೂ ಕರೆಂಟ್ ಬೇಕಲ್ಲ.

ಕರೆಂಟ್ ಅಂದಾಗ ನನಗೆ ಎಲ್ಲಕ್ಕಿಂತ ಇಷ್ಟದ ಬಾಕ್ಸ್ ಸೆಟ್ಟಿನ, ಅಂದರೆ ಹಲವು ಪ್ಲೇಟು ಇಲ್ಲವೇ ಸಿಡಿ ಒಟ್ಟಿಗೆ ಹಾಕಿದ ಪೆಟ್ಟಿಗೆಯ ಮಾತು ಬರಲೇಬೇಕು.

1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್. ಅದೊಂದು ನೆಲಮಾಳಿಗೆಯ ಜ್ಯಾಝ್ ಕ್ಲಬ್ಬು, 123 ಜನ ಹಿಡಿಯುತ್ತಾರೆ, ಅಂದರೆ ನಮ್ಮ ಕಡೆ ಮದುವೆ ಊಟದ ಒಂದು ಪಂಕ್ತಿ. ಪಿಯಾನೋ ಬಿಲ್ ಎವನ್ಸ್, ಬಾಸ್ ಸ್ಕಾಟ್ ಲಫಾರೋ, ಡ್ರಮ್ಸ್ ಪಾಲ್ ಮೋಷನ್. ಮಧ್ಯಾಹ್ನದಿಂದ ರಾತ್ರಿಯವರೆಗೆ ಐದು ಸುತ್ತು ನುಡಿಸಿದರು, ಎಲ್ಲವನ್ನೂ ಟೇಪು ಮಾಡಿಕೊಂಡರು. ಜುಲೈ 6ಕ್ಕೆ ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡ. ಬರೀ 25 ವರ್ಷ. ಆ ದಿನದ ನುಡಿಸಾಣಿಕೆಯಿಂದ ಆರಿಸಿ ಎರಡು ಎಲ್‌ಪಿ ಮಾಡಿದರು. ಎರಡೂ ಹೆಸರಾದವು. 2005ರಲ್ಲಿ ಇಡೀ ದಿನವನ್ನು ಮೂರು ಸಿಡಿಯಲ್ಲಿ, ನುಡಿಸಿದ ಕ್ರಮದಲ್ಲೇ ಹಾಕಿ ಒಂದು ಪೆಟ್ಟಿಗೆ ಬಂತು.

ಆ ಪೆಟ್ಟಿಗೆಯ ಮೊದಲ ತುಣುಕೇ ಕೆಟ್ಟದ್ದು. 'ಗ್ಲೋರಿಯಾಸ್ ಸ್ಟೆಪ್', ಲಫಾರೋನೇ ಕಟ್ಟಿದ ಧಾಟಿ, ಮೂವರೂ ಚೆನ್ನಾಗಿ ಹತ್ತಿಕೊಂಡು ಹೋಗುತ್ತಿದ್ದಾರೆ, ನಡುವೆ ಕರೆಂಟ್ ಕೈಕೊಟ್ಟಿತು. ನ್ಯೂಯಾರ್ಕಿನಲ್ಲಿ! ನಾನು ಮೊದಲ ಸಲ ಕೇಳಿದಾಗ ನಮ್ಮ ಮನೆಯ ಕರೆಂಟೇ ಹೋಯಿತು ಅಂತ ಎದ್ದು ಇನ್ವರ್ಟರ್ ನೋಡಲು ಹೋಗಿದ್ದೆ. ಹಿಂದಿರುಗಿ ಪುಸ್ತಿಕೆ ತೆಗೆದು ಓದಿದ ಮೇಲೆ ಗೊತ್ತಾಯಿತು. ಜೋಗದಲ್ಲಿ 1948ರಿಂದ ವಿದ್ಯುತ್ ತೆಗೆಯುವ ಜಿಲ್ಲೆಯವರು ನಾವು, ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರೂರೇ ಮುಳುಗಿಸಿಕೊಂಡವರು, ಆದರೂ ಒಂದು ಗಾಳಿ ಬೀಸಿದರೆ ಎರಡು ದಿನ ಕತ್ತಲೆ. ನಮಗಲ್ಲದೆ ಈ ತುಣುಕು ಇನ್ನಾರಿಗೆ ಅರ್ಥವಾಗಬೇಕು?

ಯೋಚಿಸಿದರೆ ಪಿಯಾನೋ, ಬಾಸ್, ಡ್ರಮ್ಸ್‌ಗೆ ಕರೆಂಟಿನ ಹಂಗಿಲ್ಲ. ಬೇಕಾದ್ದು ಟೇಪಿಗೆ ಮಾತ್ರ. ಹಿಂದೆ ಗ್ಯಾಸ್‌ಲೈಟಿನಲ್ಲಿ ಬೆಳಗಿನವರೆಗೆ ಆಟ ಆಡುತ್ತಿದ್ದ ಯಕ್ಷಗಾನ ಮೇಳದವರಿಗೂ ಅಷ್ಟೇ. ಎಲ್‌ಪಿ ಮಾಡಿದಾಗ ಎರಡನೇ ಸಲ ನುಡಿಸಿದ್ದನ್ನು ತಗೊಂಡರು, ಅದು ನ್ಯಾಯವೇ. ಆದರೆ ಕಡಿದುಹೋದದ್ದನ್ನು ಯಾರೋ ಎಸೆಯದೆ ಇಟ್ಟುಕೊಂಡಿದ್ದರಲ್ಲ, ಅದೂ ಹಲವು ದಶಕ. ಅದನ್ನು ಯೋಚಿಸಿದರೆ ನನಗೆ ಒಂಥರಾ ಆಗುತ್ತದೆ. ಫೋನಿನಲ್ಲಿ ಆಗಿದ್ದರೆ ನಾನು ಮುಂದಿನದ್ದಕ್ಕೆ ಹಾರಿಬಿಡುತ್ತಿದ್ದೆ ಅಂತಲೂ ಗೊತ್ತು. ಆ ಪೆಟ್ಟಿಗೆಯಲ್ಲಿ ಗ್ಲಾಸು ತಾಗುವ ಸದ್ದಿದೆ, ಯಾರೋ ನಗುತ್ತಾರೆ, ಯಾರೋ ಮಾತಾಡುತ್ತಲೇ ಇರುತ್ತಾರೆ. ಮುಂದಿನ ವಾರ ಏನಾಗುತ್ತದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಎದುರಿಗೆ ಲಫಾರೋ ನುಡಿಸುತ್ತಿದ್ದಾನೆ, ಒಬ್ಬ ಊಟದ ವಿಷಯ ಮಾತಾಡುತ್ತಿರಬೇಕು.

ಎಲ್ಲ ಪೆಟ್ಟಿಗೆಗಳೂ ಹೀಗಿರುವುದಿಲ್ಲ. ಕೆಲವು ಬರೀ ದುಡ್ಡಿನ ಆಸೆಗೆ ತುಂಬಿಸಿದವು. ಅದೇ ಹಾಡು ಏಳು ಸಲ, ದಪ್ಪ ಪುಸ್ತಕ, ಎರಡು ಪೋಸ್ಟರು. ಮೊಸಾಯಿಕ್ ರೆಕಾರ್ಡ್ಸ್‌ನವರದ್ದು ಬೇರೆ ರೀತಿ. ಮೈಕೆಲ್ ಕಸ್ಕೂನಾ ಮತ್ತು ಚಾರ್ಲಿ ಲೂರಿ ಶುರು ಮಾಡಿದ್ದು. ದೊಡ್ಡ ಕಂಪನಿಗಳ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಟೇಪುಗಳನ್ನು ಹುಡುಕಿ, ಯಾವ ದಿನ ಯಾರು ನುಡಿಸಿದರು ಅಂತ ಪಟ್ಟಿ ಹಾಕಿ, ಕಪ್ಪು ಪೆಟ್ಟಿಗೆಯಲ್ಲಿ ನಂಬರು ಬರೆದು ಕೊಡುತ್ತಾರೆ. ಇಷ್ಟೇ ಸಾವಿರ ಪ್ರತಿ ಅಂತ ಮೊದಲೇ ಹೇಳಿಬಿಡುತ್ತಾರೆ, ಮುಗಿದರೆ ಮುಗಿಯಿತು. 1983ರಲ್ಲಿ ಬಂದ ಮೊದಲನೆಯದು ಥೆಲೋನಿಯಸ್ ಮಾಂಕ್ ಬ್ಲೂ ನೋಟ್ ಕಂಪನಿಗೆ ನುಡಿಸಿದ್ದೆಲ್ಲ, ನಾಲ್ಕು ಎಲ್‌ಪಿ. ಅದಕ್ಕಾಗಿ ನಾನು ಎರಡು ವರ್ಷ ಕಾದೆ. ಕೊನೆಗೆ ಒಬ್ಬರ ಹತ್ತಿರ ಸಿಕ್ಕಿತು. ಎಷ್ಟಕ್ಕೆ ಅಂತ ಬರೆಯುವುದಿಲ್ಲ, ಇದನ್ನು ಅಮ್ಮ ಓದುತ್ತಾಳೆ.

ನಮ್ಮ ಮನೆಗೆ ಕೊರಿಯರ್ ಬರುವುದಿಲ್ಲ. ಕ್ರಾಸಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ಅವತ್ತು ಹೋದಾಗ ಅಂಗಡಿಯವರು ಸುತ್ತ ನೋಡಿ, ತಲೆ ಕೆರೆದು, "ಓ ಅದಾ, ಮಳೆ ಎರಚಲು ಬೀಳ್ತದೆ ಅಂತ ಒಳಗೆ ಹಾಕಿದೀನಿ ಮಾರಾಯ್ರೆ" ಅಂದರು. ಒಳಗೆ ಹೋದರೆ ಮಾಂಕ್ ನೆಲದ ಮೇಲಿದ್ದ. ಅವನ ಮೇಲೆ ಐವತ್ತು ಕೆಜಿಯ ಹಿಂಡಿ ಮೂಟೆ. ಮೂಟೆಯ ಮೇಲೆ ಬೆಕ್ಕು. "ಗಟ್ಟಿ ರಟ್ಟು ಅಲ್ವಾ, ಎಂತ ಆಗುದಿಲ್ಲ" ಅಂತ ಅವರೇ ಮೂಟೆ ಎತ್ತಿ ಕೊಟ್ಟರು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿ ಬೆಲ್ಲದಚ್ಚಿನ ಹಾಗಾಗಿತ್ತು. ಪ್ಲೇಟುಗಳಿಗೆ ಏನೂ ಆಗಿರಲಿಲ್ಲ, ಒಂದು ಗೀರೂ ಇಲ್ಲ. ಬೈಯಲು ಬಾಯಿ ಬರಲಿಲ್ಲ. ಒದ್ದೆಯಾಗಬಾರದು ಅಂತ ತಾನೇ ಅವರು ಒಳಗೆ ಇಟ್ಟದ್ದು. ಈಗಲೂ ಆ ಪೆಟ್ಟಿಗೆ ತೆಗೆದರೆ ಒಂದು ಎಳೆ ಹಿಂಡಿಯ ವಾಸನೆ ಬರುತ್ತದೆ. ಮಾಂಕ್‌ಗೆ ಅದು ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ.

ತಪ್ಪುಗಳ ಮಾತು ಬಂದದ್ದಕ್ಕೆ ಇನ್ನೊಂದು. ತುತ್ತೂರಿ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', 1959ರದ್ದು, ಜ್ಯಾಝ್ ಗೊತ್ತಿಲ್ಲದವರ ಮನೆಯಲ್ಲೂ ಇರುವ ಪ್ಲೇಟು. ಮೊದಲ ಸೈಡಿನ ಮೂರೂ ತುಣುಕುಗಳನ್ನು ಮಾರ್ಚ್ 2ರಂದು ಟೇಪು ಮಾಡುವಾಗ ಯಂತ್ರ ಚೂರು ನಿಧಾನ ಓಡುತ್ತಿತ್ತು. ಅದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಏರುತ್ತದೆ. ಇದು ಸರಿಯಾಗಿ ಬಂದದ್ದು 1992ರಲ್ಲಿ. ಅಲ್ಲಿಯವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತೆಲ್ಲ ಏರಿದ ಶ್ರುತಿಯಲ್ಲೇ ಕೇಳಿತು. ನನ್ನ ಹತ್ತಿರ ಹಳೇ ಎಲ್‌ಪಿಯೂ ಇದೆ, ಸರಿ ಮಾಡಿದ ಸಿಡಿಯೂ ಇದೆ. ಒಂದು ಸಂಜೆ ಸುಮ್ನೆ ಮೊದಲು ಸಿಡಿ ಹಾಕಿ, ಆಮೇಲೆ ಎಲ್‌ಪಿ ಹಾಕಿದೆ. ಅಮ್ಮ ದೇವರ ನಾಮ ಹೇಳುವವಳು, ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕೂರುವವಳು. ಹೂಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಏರಿಸಿದ್ಯಾ ಎಂತ?"

ನನ್ನ ಪ್ಲೇಯರಿನದ್ದೇ ತಪ್ಪಿರಬಹುದು ಅಂತ ಎರಡನೇ ಸೈಡನ್ನೂ ಹಾಗೇ ಒಂದರ ಮೇಲೊಂದು ಹಾಕಿ ನೋಡಿದೆ. ಅದನ್ನು ಏಪ್ರಿಲ್ 22ರಂದು ಬೇರೆ ಟೇಪು ಮಾಡಿದ್ದು, ಅದರಲ್ಲಿ ದೋಷ ಇಲ್ಲ. ಅಮ್ಮ ಏನೂ ಹೇಳಲಿಲ್ಲ. ಬತ್ತಿ ಹೊಸೆಯುತ್ತಲೇ ಇದ್ದಳು.

ಸರಿಯಾದದ್ದು ಸಿಡಿ ಅಂತ ಗೊತ್ತು. ನಾನು ಹಾಕುವುದು ಮಾತ್ರ ಎಲ್‌ಪಿಯನ್ನೇ. ಮೊದಲು ಕಿವಿಗೆ ಬಿದ್ದದ್ದು ಅದು, ಏರಿದ್ದೇ ನನಗೆ ಸರಿ ಅನಿಸುತ್ತದೆ. ಇದಕ್ಕೆ ವಾದ ಮಾಡುವ ಶಕ್ತಿ ನನಗಿಲ್ಲ.

ನವರಾತ್ರಿ ಹತ್ತಿರ ಬಂದಾಗ ಒಂದು ವಾರ ಒಳ್ಳೆಯ ಬಿಸಿಲು ಬಿತ್ತು. ಪ್ಲೇಟುಗಳನ್ನೆಲ್ಲ ಒಳಗೆ ನೆಟ್ಟಗೆ ನಿಲ್ಲಿಸಿ, ಖಾಲಿ ಕವರುಗಳನ್ನು ಮಾತ್ರ ಅಂಗಳಕ್ಕೆ ತಂದು ಅಡಿಕೆ ಒಣಗಿಸುವ ತಟ್ಟಿಗಳ ಮೇಲೆ ಹರಡಿದೆ, ಚಪ್ಪರದ ನೆರಳಿನಲ್ಲಿ, ಗಾಳಿ ಆಡುವ ಕಡೆ. ಎಲಿಂಗ್ಟನ್, ಮಿಂಗಸ್, ಎವನ್ಸ್, ರಮಾಮಣಿಯವರು, ಎಲ್ಲ ಸಾಲಾಗಿ ಮಲಗಿದ್ದರು. ಅವತ್ತೇ ಅಡಿಕೆ ಕೊನೆ ತೆಗೆಯಲು ಜನ ಬಂದದ್ದು. ಕೊನೆಗಾರ ದೋಟಿ ಗೋಡೆಗೆ ಒರಗಿಸಿ, ಸೊಂಟಕ್ಕೆ ಕೈ ಇಟ್ಟು ಒಂದೊಂದೇ ನೋಡುತ್ತ ಹೋದ. ತುತ್ತೂರಿ ಹಿಡಿದ ಮೈಲ್ಸ್ ಹತ್ತಿರ ನಿಂತ.

"ಇವರದ್ದು ಯಾವ ಮೇಳ?"

"ನ್ಯೂಯಾರ್ಕ್ ಮೇಳ" ಅಂದೆ.

"ಈಗಲೂ ತಿರುಗಾಟ ಇದೆಯಾ?"

"ಇಲ್ಲ. ಆ ಪ್ಲೇಟಿನಲ್ಲಿ ನುಡಿಸಿದವರು ಎಲ್ಲ ಹೋದರು. ಡ್ರಮ್ಸಿನವರು ಕೊನೆಯವರು, 2020ರಲ್ಲಿ."

ಅವನು ತಲೆಯಾಡಿಸಿ, ಕವಳದ ಸಂಚಿ ತೆಗೆದು ಎಲೆ ಹಾಕಿಕೊಂಡ. "ಹಾಕಿ ಹಾಗಾದ್ರೆ, ಕೇಳುವ" ಅಂತ ತೋಟಕ್ಕೆ ಇಳಿದ.

ಸ್ಪೀಕರನ್ನು ಕಿಟಕಿಗೆ ತಿರುಗಿಸಿ ಹಾಕಿದೆ, ಏರಿದ ಶ್ರುತಿಯದ್ದು. ತೋಟದಲ್ಲಿ ಒಂದೊಂದೇ ಕೊನೆ ಹಗ್ಗದ ಮೇಲೆ ಸರ್ರನೆ ಜಾರಿ ಕೆಳಗೆ ಬರುತ್ತಿತ್ತು. ಅಮ್ಮ ಜಗುಲಿಯಲ್ಲಿ ಕೂತು ಚಹಾಕ್ಕೆ ಎಷ್ಟು ಜನ ಅಂತ ಬೆರಳು ಮಡಚಿ ಎಣಿಸುತ್ತಿದ್ದಳು. ಇಪ್ಪತ್ತು ಚಿಲ್ಲರೆ ನಿಮಿಷ ಆಗಿರಬೇಕು. ಮರದ ತುದಿಯಿಂದ ಅವನ ಕೂಗು ಬಂತು.

"ನಿಂತೇ ಹೋಯ್ತಲ್ಲ! ಕರೆಂಟ್ ಹೋಯ್ತಾ?"

ಕರೆಂಟ್ ಇತ್ತು. ಸೈಡು ಮುಗಿದಿತ್ತು. ಹೋಗಿ ತಿರುವಿ ಹಾಕಿದೆ.